ಟರ್ಬೊ ಬಂಡಿಯ ಇಂಟರ್‌ಕೂಲರ್: ದೊಡ್ಡದು ಹಾಕಿಸಬೇಕೆ?



ಬೆಳಗಿನ ಹೊತ್ತು ಕಾಟ್ಟಿಕುಳಂ ಪೇಟೆಯಲ್ಲಿ ಸ್ವಲ್ಪ ನಿಂತು ನೋಡಿ. ಮಾನಂದವಾಡಿ ಕಡೆಯಿಂದ ಬಂದ ರಸ್ತೆ ಇಲ್ಲಿ ಕವಲಾಗುತ್ತದೆ. ಒಂದು ಬಾವಲಿ ದಾಟಿ ಎಚ್.ಡಿ. ಕೋಟೆ, ಮೈಸೂರಿನ ಕಡೆ ಹೋಗುತ್ತದೆ. ಇನ್ನೊಂದು ತೋಲ್ಪೆಟ್ಟಿ ದಾಟಿ ಕುಟ್ಟ, ಗೋಣಿಕೊಪ್ಪದ ಕಡೆ ಹೋಗುತ್ತದೆ. ಜೀಪು, ಪಿಕಪ್‌ಗಳು ಸಾಲಾಗಿ ನಿಂತಿರುತ್ತವೆ. ಒಂದರಲ್ಲಿ ಕೆಲಸಕ್ಕೆ ಹೊರಟ ಜನ. ಇನ್ನೊಂದರಲ್ಲಿ ಶುಂಠಿ ಮೂಟೆ. ಮತ್ತೊಂದರಲ್ಲಿ ಬಾಳೆಗೊನೆ. ಈ ಬಂಡಿಗಳು ಓಡಿದರೆ ಮನೆಗೆ ಅಕ್ಕಿ. ನಿಂತರೆ ಸಾಲ.

ಇಂಥ ಒಂದು ಮನೆಯಲ್ಲಿ ನಡೆದ ಮಾತು ಕೇಳಿ. ಬಂಡಿ ಓಡಿಸುವವನು ತಮ್ಮ. ಬಂಡಿಗೆ ಮುಂಗಡ ಕಟ್ಟಲು ಸಂಘದಲ್ಲಿ ಸಾಲ ಎತ್ತಿಕೊಟ್ಟವಳು ಅಕ್ಕ.

"ಅಕ್ಕಾ, ಬಂಡಿ ಎಳೀತಾ ಇಲ್ಲ ಕಣಕ್ಕ. ಲೋಡ್ ಇದ್ರೆ ಏರಲ್ಲಿ ಉಸಿರು ಕಟ್ಟಿದಂಗೆ ಆಗುತ್ತೆ. ಹಿಂದೆ ಕರೀ ಹೊಗೆ."

"ಮೇಸ್ತ್ರಿಗೆ ತೋರಿಸಿದ್ಯಾ?"

"ತೋರಿಸ್ದೆ. ಇಂಟರ್‌ಕೂಲರ್ ಚಿಕ್ಕದು, ದೊಡ್ಡದು ಹಾಕು ಅಂದ್ರು. ಇಪ್ಪತ್ತೆಂಟು ಸಾವಿರ ಆಗುತ್ತಂತೆ."

"ಇಪ್ಪತ್ತೆಂಟು ಸಾವಿರವಾ! ಅದೇನು ಸಾಮಾನು ಅಂತ ಮೊದಲು ತಿಳ್ಕೊಳ್ಳೋಣ. ಚೀಟಿ ಬರಸ್ಕೊಂಡು ಬಾ. ನಾನು ಓದ್ತೀನಿ."

ಅಕ್ಕ ಅಕ್ಷರ ಕಲಿತದ್ದು ದೊಡ್ಡವಳಾದ ಮೇಲೆ. ನಿಮ್ಮ ಹಾಗೆಯೇ. ಈಗ ನಾವೂ ಅವಳ ಜೊತೆ ಕೂತು ತಿಳಿದುಕೊಳ್ಳೋಣ.

ಬಂಡಿಯೂ ಉಸಿರಾಡುತ್ತದೆ

ಒಲೆ ಊದಿದರೆ ಬೆಂಕಿ ಜೋರಾಗುತ್ತದೆ. ಏಕೆ? ಬೆಂಕಿಗೆ ಗಾಳಿ ಬೇಕು. ಇಂಜಿನ್ನಿನ ಒಳಗೂ ಉರಿಯುವುದು ಬೆಂಕಿಯೇ. 1 ಲೀಟರ್ ಡೀಸೆಲ್ ಪೂರ್ತಿ ಉರಿಯಲು ಎಷ್ಟು ಗಾಳಿ ಬೇಕು, ಹೇಳಿ ನೋಡೋಣ. ಕಡಿಮೆ ಎಂದರೂ 12 ಕಿಲೊ! ಗಾಳಿಗೂ ತೂಕ ಇದೆ. ಉದ್ದ, ಅಗಲ, ಎತ್ತರ ಮೂರೂ 1 ಮೀಟರ್ ಇರುವ ಪೆಟ್ಟಿಗೆಯಲ್ಲಿ ಸುಮಾರು 1 ಕಿಲೊಗಿಂತ ಸ್ವಲ್ಪ ಹೆಚ್ಚು ಗಾಳಿ ಇರುತ್ತದೆ. ಅಂಥ ಹತ್ತು ಪೆಟ್ಟಿಗೆ ಗಾಳಿ ಕುಡಿದರೆ ಬಂಡಿ 1 ಲೀಟರ್ ಡೀಸೆಲ್ ಸುಡಬಹುದು. ಗಾಳಿ ಸಾಲದಿದ್ದರೆ ಡೀಸೆಲ್ ಅರೆಬರೆ ಉರಿಯುತ್ತದೆ. ಹಸಿ ಸೌದೆ ಹೊಗೆಯಾಡಿದಂತೆ ಕಪ್ಪು ಹೊಗೆ ಬರುತ್ತದೆ. ದುಡ್ಡು ಹೊಗೆಯಾಗಿ ಹೋಗುತ್ತದೆ.

ನಮ್ಮ ವಯನಾಡು ಎತ್ತರದ ನಾಡು. ಸಮುದ್ರದ ದಡದಿಂದ 700 ಮೀಟರಿಗೂ ಮೇಲೆ ಇದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಅದಕ್ಕೇ ಹಿಂದಿನ ಕಾಲದ ಜೀಪುಗಳು ಕೋಝಿಕ್ಕೋಡಿನಲ್ಲಿ ಎಳೆದಷ್ಟು ಚೆನ್ನಾಗಿ ಇಲ್ಲಿ ಎಳೆಯುತ್ತಿರಲಿಲ್ಲ.

ಇದಕ್ಕೆ ಉಪಾಯ ಕಂಡುಹಿಡಿದವರು ಸ್ವಿಟ್ಜರ್ಲೆಂಡ್ ದೇಶದ ಆಲ್ಫ್ರೆಡ್ ಬ್ಯೂಖಿ ಎಂಬ ಇಂಜಿನಿಯರ್. 1905ರಲ್ಲಿ ಅವರು ಇದರ ಹಕ್ಕುಪತ್ರ ಪಡೆದರು. ಉಪಾಯ ಸುಲಭ. ಹೊಗೆ ಕೊಳವೆಯಿಂದ ಬಿಸಿ ಹೊಗೆ ರಭಸವಾಗಿ ಹೊರಗೆ ಹೋಗುತ್ತದೆ. ಸುಮ್ಮನೆ ಹೋಗುವ ಆ ಹೊಗೆಗೆ ಒಂದು ಸಣ್ಣ ಚಕ್ರ ಅಡ್ಡ ಇಟ್ಟರೆ, ಅದು ತಿರುಗುತ್ತದೆ. ಆ ಚಕ್ರದ ಅಚ್ಚಿನ ಇನ್ನೊಂದು ತುದಿಗೆ ಇನ್ನೊಂದು ಚಕ್ರ. ಅದು ಹೊರಗಿನ ಗಾಳಿಯನ್ನು ಎಳೆದು ಇಂಜಿನ್ನಿಗೆ ಒತ್ತಿ ತುಂಬುತ್ತದೆ. ಇದೇ ಟರ್ಬೊ. ಅಂಗೈಯಲ್ಲಿ ಹಿಡಿಯುವಷ್ಟೇ ಇರುವ ಚಕ್ರ. ಆದರೆ ಒಂದು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ.

ಟೈರಿಗೆ ಗಾಳಿ ಹಾಕಿಸುವಾಗ 30, 35 ಎಂದು ಹೇಳುತ್ತೀರಲ್ಲ? ಅದೇ ಅಳತೆಯಲ್ಲಿ ಹಳೆಯ ಟರ್ಬೊ ಬಂಡಿ ಒತ್ತುವುದು ಸುಮಾರು 12. ಹೊಸ ಬಂಡಿಗಳಲ್ಲಿ ಇನ್ನೂ ಹೆಚ್ಚು. ಈ 12 ಅಂಕಿಯನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಒತ್ತಿದರೆ ಕಾಯುತ್ತದೆ

ಸೈಕಲ್ ಪಂಪು ಹೊಡೆದಿದ್ದೀರಾ? ಹೊಡೆಯುತ್ತಾ ಹೋದರೆ ಪಂಪಿನ ಬುಡ ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಟರ್ಬೊ ಒತ್ತಿದ ಗಾಳಿಯೂ ಹಾಗೆಯೇ. ಹೊರಗೆ 27 ಡಿಗ್ರಿ ಇದ್ದ ಗಾಳಿ ಟರ್ಬೊದಿಂದ ಹೊರಬರುವಾಗ ಸುಮಾರು 106 ಡಿಗ್ರಿ ಆಗಿರುತ್ತದೆ. ನೀರು ಕುದಿಯುವುದು 100ಕ್ಕೆ. ಅದಕ್ಕಿಂತಲೂ ಬಿಸಿ!

ಬಿಸಿ ಗಾಳಿ ಹರಡಿಕೊಳ್ಳುತ್ತದೆ. ಜೀಪಿನ ಸೀಟಿನಲ್ಲಿ ಸೆಕೆಗೆ ಜನ ದೂರ ದೂರ ಕೂರುತ್ತಾರೆ. ನಾಲ್ಕೇ ಜನಕ್ಕೆ ಸೀಟು ತುಂಬುತ್ತದೆ. ಚಳಿಗೆ ಒತ್ತೊತ್ತಾಗಿ ಕೂತರೆ ಐದು ಜನ ಹಿಡಿಸುತ್ತಾರೆ. ಗಾಳಿಯೂ ಅಷ್ಟೇ. ತಣ್ಣಗಿದ್ದರೆ ಅದೇ ಜಾಗದಲ್ಲಿ ಹೆಚ್ಚು ಹಿಡಿಸುತ್ತದೆ.

ಹಾಗಾಗಿ ಟರ್ಬೊ ಮತ್ತು ಇಂಜಿನ್ನಿನ ನಡುವೆ ಗಾಳಿಯನ್ನು ಆರಿಸುವ ಒಂದು ಪೆಟ್ಟಿಗೆ ಇಟ್ಟರು. ಇಂಟರ್ ಎಂದರೆ ನಡುವೆ. ಕೂಲರ್ ಎಂದರೆ ತಂಪು ಮಾಡುವುದು. ಇಂಟರ್‌ಕೂಲರ್. ನೋಡಲು ರೇಡಿಯೇಟರ್ ಹಾಗೆಯೇ ಇರುತ್ತದೆ. ಅಲ್ಯೂಮಿನಿಯಂ ಕೊಳವೆಗಳು, ಅವುಗಳ ನಡುವೆ ತೆಳು ರೆಕ್ಕೆಗಳು. ರೇಡಿಯೇಟರಿನ ಒಳಗೆ ನೀರು ಹರಿಯುತ್ತದೆ, ಇದರ ಒಳಗೆ ಗಾಳಿ. ಹೊರಗಿನಿಂದ ಬೀಸುವ ಗಾಳಿ ಒಳಗಿನ ಬಿಸಿ ಗಾಳಿಯನ್ನು ಆರಿಸುತ್ತದೆ. ಕೆಲವು ಬಂಡಿಗಳಲ್ಲಿ ಇದು ಮುಂದೆ ಜಾಲರಿಯ ಹಿಂದೆ ಇರುತ್ತದೆ. ಕೆಲವು ಸ್ಕಾರ್ಪಿಯೊ ಬಂಡಿಗಳ ಬಾನೆಟ್ ಮೇಲೆ ಒಂದು ಬಾಯಿ ತೆರೆದಿರುತ್ತದೆ, ಕಂಡಿದ್ದೀರಾ? ಅದು ಚೆಂದಕ್ಕೆ ಇಟ್ಟದ್ದಲ್ಲ. ಅದರ ಕೆಳಗೆ ಇಂಟರ್‌ಕೂಲರ್ ಇದೆ. ಎಲ್ಲ ಟರ್ಬೊ ಬಂಡಿಗೂ ಇದು ಇರಲೇಬೇಕೆಂದೇನೂ ಇಲ್ಲ. 2005ರಲ್ಲಿ ನಮ್ಮ ದೇಶಕ್ಕೆ ಬಂದ ಡೀಸೆಲ್ ಇನ್ನೋವಾಕ್ಕೆ ಟರ್ಬೊ ಇತ್ತು, ಇಂಟರ್‌ಕೂಲರ್ ಇರಲಿಲ್ಲ. ಆ ಬಂಡಿಗಳು ಲಕ್ಷಗಟ್ಟಲೆ ಕಿಲೊಮೀಟರ್ ಓಡಿದವು.

ದೊಡ್ಡದರಿಂದ ಎಷ್ಟು ಲಾಭ?

ಈಗ ಅಕ್ಕನ ಪ್ರಶ್ನೆಗೆ ಬರೋಣ. ಒಂದು ಲೆಕ್ಕ ಮಾಡೋಣ. ಕಷ್ಟವೇನಿಲ್ಲ.

ಇಂಟರ್‌ಕೂಲರ್ ಇಲ್ಲದೆ 106 ಡಿಗ್ರಿ ಗಾಳಿ ಇಂಜಿನ್ನಿಗೆ ಹೋಗುತ್ತಿದೆ ಎನ್ನಿ. ಅದನ್ನು 100 ಮೂಟೆ ಎಂದು ಇಟ್ಟುಕೊಳ್ಳಿ. ಕಂಪೆನಿಯೇ ಕೊಟ್ಟ ಇಂಟರ್‌ಕೂಲರ್ ಅದನ್ನು ಸುಮಾರು 55 ಡಿಗ್ರಿಗೆ ಇಳಿಸಿದರೆ, ಅದೇ ಜಾಗದಲ್ಲಿ 115 ಮೂಟೆ ಹಿಡಿಸುತ್ತದೆ. ಒಳ್ಳೆಯ ಲಾಭವೇ. ಇನ್ನು ದೊಡ್ಡದು ಹಾಕಿಸಿದಿರಿ. ಗಾಳಿ 43 ಡಿಗ್ರಿಗೆ ಇಳಿಯಿತು. ಈಗ 120 ಮೂಟೆ. ಅಂದರೆ ಮೊದಲನೆಯದು 15 ಮೂಟೆ ಕೊಟ್ಟಿತು. ದೊಡ್ಡದು ಅದರ ಮೇಲೆ ಕೊಟ್ಟದ್ದು 5 ಮೂಟೆ ಮಾತ್ರ. ಎಷ್ಟೇ ದೊಡ್ಡದು ಹಾಕಿದರೂ ಹೊರಗಿನ 27 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ. ಹೊರಗಿನ ಗಾಳಿಯಿಂದಲೇ ತಾನೆ ಆರಿಸುವುದು?

ಇನ್ನೊಂದು ಮಾತು. ಡೀಸೆಲ್ ಬಂಡಿಗೆ ಬರೀ ಗಾಳಿ ಹೆಚ್ಚು ಕೊಟ್ಟರೆ ಶಕ್ತಿ ಹೆಚ್ಚಾಗುವುದಿಲ್ಲ. ಅನ್ನ ಅಷ್ಟೇ ಇದ್ದು ತಟ್ಟೆ ದೊಡ್ಡದಾದ ಹಾಗೆ. ಡೀಸೆಲ್ಲೂ ಹೆಚ್ಚು ಬಿಡಬೇಕು. ಅದಕ್ಕೇ ಕೆಲವರು ಹಳೆಯ ಬಂಡಿಗಳಲ್ಲಿ ಪಂಪಿನ ಸ್ಕ್ರೂ ತಿರುಗಿಸುತ್ತಾರೆ. ಹೊಸ ಬಂಡಿಗಳಲ್ಲಿ ಒಳಗಿರುವ ಕಂಪ್ಯೂಟರಿನ ಲೆಕ್ಕ ಬದಲಿಸುತ್ತಾರೆ. ಆಗ ಬಂಡಿ ಎಳೆಯುತ್ತದೆ ನಿಜ. ಆದರೆ ಕ್ಲಚ್, ಪಿಸ್ಟನ್, ಹೆಡ್ ಗ್ಯಾಸ್ಕೆಟ್, ಗೇರ್ ಬಾಕ್ಸ್ ಇವೆಲ್ಲ ಹಳೆಯ ಶಕ್ತಿಗೆ ಮಾಡಿದವು. ಎತ್ತು ಬಲವಾಯಿತೆಂದು ನೊಗ ಬಲವಾಗುವುದಿಲ್ಲವಲ್ಲ.

ಘಟ್ಟದ ರಸ್ತೆಯ ಮಾತು ಬೇರೆಯೇ ಇದೆ. ತಾಮರಶ್ಶೇರಿ ಚುರದ 9 ಹೇರ್‌ಪಿನ್ ತಿರುವುಗಳನ್ನು ಲೋಡ್ ಹೊತ್ತು ಏರುವಾಗ ಬಂಡಿ ಎಷ್ಟು ವೇಗ ಹೋಗುತ್ತದೆ? ಗಂಟೆಗೆ 15, 20 ಕಿಲೊಮೀಟರ್. ಎದುರುಗಾಳಿ ಬೀಸುವುದೇ ಇಲ್ಲ. ಫ್ಯಾನ್ ಎಳೆದ ಗಾಳಿಯೇ ಗತಿ. ಆ ಹೊತ್ತಿನಲ್ಲಿ ರೇಡಿಯೇಟರಿನ ಮುಂದೆ ದಪ್ಪನೆಯ ದೊಡ್ಡ ಇಂಟರ್‌ಕೂಲರ್ ಅಡ್ಡ ನಿಂತಿದ್ದರೆ, ರೇಡಿಯೇಟರಿಗೆ ಸಿಗುವ ಗಾಳಿ ಇನ್ನೂ ಕಡಿಮೆಯಾಗುತ್ತದೆ. ಸಿಗುವ ಗಾಳಿಯೂ ಬಿಸಿ. ಗಾಳಿ ತಂಪು ಮಾಡಲು ಹೋಗಿ ನೀರು ಕುದಿಸಿದಂತೆ ಆಗುತ್ತದೆ. ಇದನ್ನು ಅಂಗಡಿಯವರು ಹೇಳುವುದು ಕಡಿಮೆ.

ದೊಡ್ಡ ಇಂಟರ್‌ಕೂಲರ್ ಕೆಲಸಕ್ಕೆ ಬಾರದ್ದು ಎಂದು ಹೇಳುತ್ತಿಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕಾರ್ ರ‍್ಯಾಲಿ ನಡೆಯುತ್ತದೆ. ರ‍್ಯಾಲಿ, ರೇಸುಗಳ ಟರ್ಬೊ ಕಾರುಗಳಲ್ಲಿ ಟರ್ಬೊ ಹೆಚ್ಚು ಒತ್ತುತ್ತದೆ, ಗಾಳಿ ಹೆಚ್ಚು ಕಾಯುತ್ತದೆ, ಕಾರು ವೇಗವಾಗಿಯೂ ಓಡುತ್ತದೆ. ಅಲ್ಲಿ ದೊಡ್ಡದು ಬೇಕು. ಪೆಟ್ರೋಲ್ ಟರ್ಬೊ ಕಾರುಗಳಲ್ಲಿ ಗಾಳಿ ಬಿಸಿಯಾದರೆ ಪೆಟ್ರೋಲ್ ಹೊತ್ತಿಗೆ ಮುಂಚೆ ತಾನೇ ಉರಿದು ಇಂಜಿನ್ 'ಟಕಟಕ' ಎನ್ನುತ್ತದೆ. ಅಲ್ಲಿಯೂ ತಂಪು ಗಾಳಿಗೆ ಬೆಲೆ ಹೆಚ್ಚು. ಶುಂಠಿ ಹೊರುವ ಪಿಕಪ್ಪಿಗೆ ಆ ಲೆಕ್ಕ ಹೊಂದುವುದಿಲ್ಲ.

ಹಾಗಾದರೆ ಬಂಡಿ ಏಕೆ ಎಳೆಯಲಿಲ್ಲ?

ಅಕ್ಕ ತಮ್ಮನನ್ನು ಕರೆದುಕೊಂಡು ಇನ್ನೊಂದು ವರ್ಕ್‌ಶಾಪಿಗೆ ಹೋದಳು. ಅಲ್ಲಿ ವಯಸ್ಸಾದ ಒಬ್ಬ ಮೇಸ್ತ್ರಿ. ಎಲ್ಲರೂ ಅವರನ್ನು ಆಶಾನ್ ಎಂದೇ ಕರೆಯುತ್ತಾರೆ.

"ಆಶಾನೇ, ಇಂಟರ್‌ಕೂಲರ್ ಬದಲಾಯಿಸಬೇಕಾ, ಒಂದ್ಸಲ ನೋಡಿ ಹೇಳಿ."

"ಮೋಳೇ, ಈ ಬಂಡಿ ಹೊಸದಿದ್ದಾಗ ಏರು ಹತ್ತುತ್ತಿತ್ತಾ?"

"ಚೆನ್ನಾಗೇ ಹತ್ತುತ್ತಿತ್ತು."

"ಆಗ ಇದ್ದದ್ದೂ ಇದೇ ಇಂಟರ್‌ಕೂಲರ್ ತಾನೆ? ಅದೇನು ಮಳೆಗೆ ನೆನೆದು ಸಣ್ಣದಾಯ್ತಾ?"

ಈ ಒಂದು ಪ್ರಶ್ನೆಯನ್ನು ನೀವೂ ಕಲಿತುಕೊಳ್ಳಿ. ಮೊದಲು ಸರಿಯಾಗಿದ್ದದ್ದು ಈಗ ಸರಿಯಿಲ್ಲ ಎಂದರೆ, ಏನೋ ಕೆಟ್ಟಿದೆ. ಕೆಟ್ಟದ್ದನ್ನು ಹುಡುಕಬೇಕು.

ಆಶಾನ್ ಮೊದಲು ಏರ್ ಫಿಲ್ಟರ್ ತೆಗೆದರು. ಕೆಮ್ಮಣ್ಣು ತುಂಬಿತ್ತು. ಆಮೇಲೆ ಟಾರ್ಚ್ ಹಿಡಿದು ಇಂಟರ್‌ಕೂಲರ್ ನೋಡಿದರು. ರೆಕ್ಕೆಗಳ ನಡುವೆ ಕೆಸರು, ಒಣಗಿದ ಎಲೆ, ರಾತ್ರಿ ದೀಪಕ್ಕೆ ಬಡಿದ ಹುಳುಗಳು. ಅರ್ಧಕ್ಕರ್ಧ ಮುಚ್ಚಿಹೋಗಿತ್ತು. ಕೊನೆಗೆ ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸ್ ಬಿಚ್ಚಿದರು. ಮೇಲಿನಿಂದ ನೋಡಿದರೆ ಏನೂ ಇಲ್ಲ. ಬಗ್ಗಿಸಿ ಹಿಡಿದಾಗ ಅಡಿಭಾಗದಲ್ಲಿ ಬೆರಳುದ್ದ ಸೀಳು ಬಾಯಿಬಿಟ್ಟಿತು.

ಖಾಲಿ ಬಂಡಿಯಲ್ಲಿ ಆ ಸೀಳು ಮುಚ್ಚಿಕೊಂಡೇ ಇರುತ್ತದೆ. ಲೋಡ್ ಹೊತ್ತು ಏರು ಹತ್ತುವಾಗ ಟರ್ಬೊ ಒತ್ತುತ್ತದೆ. 12 ಅಂಕಿ ನೆನಪಿದೆಯೆ? ಆ ಒತ್ತಡಕ್ಕೆ ಸೀಳು ತೆರೆದುಕೊಳ್ಳುತ್ತದೆ. ಗಾಳಿ ಹೊರಗೆ ಹೋಗುತ್ತದೆ. ಇಂಜಿನ್ನಿಗೆ ಗಾಳಿ ಸಾಲದೆ ಕಪ್ಪು ಹೊಗೆ. ಈ ಹೋಸಿಗೆ 28 ಸಾವಿರದ ದೊಡ್ಡ ಇಂಟರ್‌ಕೂಲರ್ ಜೋಡಿಸಿದ್ದರೆ ಏನಾಗುತ್ತಿತ್ತು? ನೀವೇ ಹೇಳಿ.

ಮನೆಯಲ್ಲೇ ನೋಡಬಹುದಾದದ್ದು

ಇಂಜಿನ್ ನಿಲ್ಲಿಸಿ, ಪೂರ್ತಿ ಆರಿದ ಮೇಲೆ ನೋಡಿ. ಟರ್ಬೊದ ಹೊಗೆ ಕಡೆಯ ಭಾಗ ಕೆಂಪಗೆ ಕಾದಿರುತ್ತದೆ. ಮುಟ್ಟಿದರೆ ಕೈ ಸುಡುತ್ತದೆ. ಫ್ಯಾನ್ ತಿರುಗುವಾಗ ಸೆರಗು, ಲುಂಗಿ, ಕೈ ಹತ್ತಿರ ಒಯ್ಯಬೇಡಿ.

ಹೋಸ್‌ಗಳ ಕ್ಲಿಪ್ ಸಡಿಲವಾಗಿದೆಯೆ? ಜೋಡಿಸಿದ ಕಡೆ ಎಣ್ಣೆ ಒದ್ದೆಯಾಗಿ ಧೂಳು ಅಂಟಿದೆಯೆ? ಅಲ್ಲಿಂದ ಗಾಳಿ ಸೋರುತ್ತಿದೆ ಎಂದು ಅರ್ಥ. ಏರಿನಲ್ಲಿ 'ಸುಂಯ್' ಎಂದು ಶಬ್ದ ಬಂದರೂ ಅದೇ ಗುರುತು. ಪಕ್ಕಾ ತಿಳಿಯಲು ವರ್ಕ್‌ಶಾಪಿನಲ್ಲಿ ಕಡಿಮೆ ಒತ್ತಡದ ಗಾಳಿ ಬಿಟ್ಟು ಸೋಪಿನ ನೀರು ಹಾಕಿ ನೋಡುತ್ತಾರೆ. ಪಂಕ್ಚರ್ ಹುಡುಕಿದ ಹಾಗೆ. ಗುಳ್ಳೆ ಬಂದ ಕಡೆ ತೂತು.

ರೆಕ್ಕೆಗಳನ್ನು ತೊಳೆಯಲು ಸಣ್ಣ ನೀರು ಸಾಕು. ಹಿಂದಿನಿಂದ ಮುಂದಕ್ಕೆ ಬಿಡಿ. ಆಗ ಕಸ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಜೋರು ಪಂಪಿನ ನೀರನ್ನು ಹತ್ತಿರದಿಂದ ಹೊಡೆದರೆ ರೆಕ್ಕೆ ಮಡಚಿಕೊಳ್ಳುತ್ತದೆ.

ಇಂಟರ್‌ಕೂಲರ್ ಬಿಚ್ಚಿದಾಗ ಒಳಗೆ ಸ್ವಲ್ಪ ಎಣ್ಣೆಯ ಪಸೆ ಕಂಡರೆ ಹೆದರಬೇಡಿ. ಅದು ಸಾಮಾನ್ಯ. ಆದರೆ ಲೋಟಕ್ಕೆ ಬಗ್ಗಿಸುವಷ್ಟು ಎಣ್ಣೆ ಇದ್ದರೆ ಟರ್ಬೊ ಸವೆದಿದೆ. ಬಂಡಿ ಓಡಿಸಬೇಡಿ. ಏಕೆಂದರೆ ಡೀಸೆಲ್ ಇಂಜಿನ್ ಆ ಎಣ್ಣೆಯನ್ನೇ ಕುಡಿದು ತನ್ನಷ್ಟಕ್ಕೆ ಓಡತೊಡಗಬಹುದು. ಕೀ ತೆಗೆದರೂ ನಿಲ್ಲದೆ ಅರಚುತ್ತದೆ. ಹಾಗೇನಾದರೂ ಆದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಮೇಲಿನ ಗೇರ್ ಹಾಕಿ, ಕ್ಲಚ್ ಬಿಟ್ಟು ಇಂಜಿನ್ನನ್ನು ಆಫ್ ಮಾಡಬೇಕು. ಒಳಗೆ ಸೀಮೆಎಣ್ಣೆ ಹಾಕಿ ತೊಳೆದರೆ ಚೆನ್ನಾಗಿ ಒಣಗಿಸಿಯೇ ಜೋಡಿಸಬೇಕು. ಉಳಿದ ಸೀಮೆಎಣ್ಣೆಯನ್ನೂ ಇಂಜಿನ್ ಕುಡಿಯುತ್ತದೆ.

ಏರು ಹತ್ತಿ ಬಂದ ತಕ್ಷಣ ಕೀ ತಿರುಗಿಸಿ ನಿಲ್ಲಿಸಬೇಡಿ. ಒಂದು ನಿಮಿಷ ಸುಮ್ಮನೆ ಓಡಲು ಬಿಡಿ. ಟರ್ಬೊದ ಎಣ್ಣೆ ಹರಿದು ಅದು ಆರಲಿ. ಇದಕ್ಕೆ ಖರ್ಚೇ ಇಲ್ಲ.

ಇಂಟರ್‌ಕೂಲರೇ ಒಡೆದಿದ್ದರೆ?

ಬದಲಾಯಿಸಲೇಬೇಕು. ಹಲವು ಬಂಡಿಗಳಲ್ಲಿ ಅದರ ಎರಡು ತುದಿಯ ಡಬ್ಬಿ ಪ್ಲಾಸ್ಟಿಕ್‌ನದು. ವರ್ಷ ಕಳೆದಂತೆ ಅದು ಬಿರುಕು ಬಿಡುತ್ತದೆ. ಆಗ ಅದೇ ಅಳತೆಯದನ್ನು, ಪೂರ್ತಿ ಅಲ್ಯೂಮಿನಿಯಂನದು ಸಿಕ್ಕರೆ ಅದನ್ನು ಕೊಳ್ಳಿ. ಹಳೆಯದನ್ನು ಜೊತೆಗೆ ಒಯ್ಯಿರಿ. ಪಕ್ಕಪಕ್ಕ ಇಟ್ಟು ಉದ್ದ, ಅಗಲ, ದಪ್ಪ, ಕೊಳವೆಯ ಬಾಯಿ, ಬೋಲ್ಟ್ ತೂತು ಎಲ್ಲ ಹೊಂದುತ್ತದೆಯೇ ನೋಡಿ. ಏನನ್ನೂ ಕೊಯ್ಯದೆ ಕೂರಬೇಕು.

ಕೊಯ್ದು, ಬೆಸೆದು, ಡೀಸೆಲ್ ಹೆಚ್ಚಿಸಿ ಶಕ್ತಿ ಏರಿಸುವುದು ಬೇರೆ ವಿಷಯ. ಅದಕ್ಕೆ ಕಾನೂನು ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಓದಿಸಿ ಕೇಳಿ. ಆರ್.ಸಿ.ಯಲ್ಲಿ ಬರೆದ ವಿವರ ಕಂಪೆನಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ಬಂಡಿ ಬದಲಿಸಬಾರದು ಎನ್ನುತ್ತದೆ ಅದು. ಕೇರಳದಿಂದ ಹೋದ ಒಂದು ಮೊಕದ್ದಮೆಯಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷ ಕಾಯಿದೆಗೆ ತಿದ್ದುಪಡಿ ಬಂತು. ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡ ಮೇಸ್ತ್ರಿಗಲ್ಲ, ಮಾಲೀಕರಿಗೆ. ಅಪಘಾತವಾದಾಗ ಇನ್ಶೂರೆನ್ಸ್‌ನವರೂ ಪ್ರಶ್ನೆ ಎತ್ತಬಹುದು. ಸಂಶಯ ಇದ್ದರೆ ಮಾನಂದವಾಡಿಯ ಆರ್.ಟಿ.ಓ. ಕಚೇರಿಯಲ್ಲಿ ಮೊದಲೇ ಕೇಳಿ. ನಿಮ್ಮ ಬಂಡಿಯ ನಂಬರ್ ಕೆಎಲ್-72 ಎಂದು ಶುರುವಾದರೆ ಅದು ಆ ಕಚೇರಿಯಲ್ಲಿ ನೋಂದಾಯಿಸಿದ್ದು. ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಅಕ್ಕನ ಎರಡು ಚೀಟಿ

ಇಲ್ಲಿರುವ ಬೆಲೆಗಳು ಲೆಕ್ಕ ಕಲಿಯಲು ಬರೆದವು. ಊರಿಂದ ಊರಿಗೆ, ಬಂಡಿಯಿಂದ ಬಂಡಿಗೆ ಬೆಲೆ ಬೇರೆ ಇರುತ್ತದೆ. ಗಟ್ಟಿಯಾಗಿ ಓದಿ.

ಮೊದಲ ಚೀಟಿ:
ದೊಡ್ಡ ಇಂಟರ್‌ಕೂಲರ್ — 18,000 ರೂ.
ಪೈಪು, ಹೋಸ್ — 4,500 ರೂ.
ಬಂಪರ್ ಕೊಯ್ದು ಕೂರಿಸುವ ಕೂಲಿ — 2,500 ರೂ.
ಡೀಸೆಲ್ ಪಂಪು ಸೆಟ್ಟಿಂಗ್ — 3,000 ರೂ.

ಎರಡನೇ ಚೀಟಿ:
ರಬ್ಬರ್ ಹೋಸ್ 1 — 1,400 ರೂ.
ಕ್ಲಿಪ್ 4, ಒಂದಕ್ಕೆ 80 ರೂ. — 320 ರೂ.
ಏರ್ ಫಿಲ್ಟರ್ — 450 ರೂ.
ತೊಳೆದು ಜೋಡಿಸುವ ಕೂಲಿ — 800 ರೂ.

ಅಕ್ಕ ಎರಡನ್ನೂ ಕೂಡಿದಳು. ಬೆರಳು ಮಡಚಿ ಒಮ್ಮೆ, ಪೆನ್ಸಿಲ್ ಹಿಡಿದು ಒಮ್ಮೆ. ಮೊದಲನೆಯದು 28,000. ಎರಡನೆಯದು 2,970.

"ತಮ್ಮಾ, ಹೋಸ್ ಹಾಕ್ಸು. ಹಳೇ ಹೋಸ್ ಮಾತ್ರ ಅಲ್ಲೇ ಬಿಟ್ಟು ಬರಬೇಡ. ಮನೆಗೆ ತಗೊಂಡು ಬಾ."

"ಹರಿದ ಹೋಸ್ ಯಾಕಕ್ಕ?"

"ನಾಳೆ ಕ್ಲಾಸಿಗೆ ತಗೊಂಡು ಹೋಗ್ತೀನಿ. ಎಲ್ಲರೂ ನೋಡ್ಲಿ."

ಮರುದಿನ ತಮ್ಮ ಶುಂಠಿ ತುಂಬಿಕೊಂಡು ಬಂದ. ಬಾವಲಿ ಕಾಡಿನ ರಸ್ತೆ ಸಂಜೆ 6ಕ್ಕೆ ಮುಚ್ಚುತ್ತದೆ. ಲೋಡ್ ಬಂಡಿ ನಡುದಾರಿಯಲ್ಲಿ ನಿಂತರೆ ಆನೆ ಓಡಾಡುವ ಜಾಗದಲ್ಲಿ ರಾತ್ರಿ ಕಳೆಯಬೇಕು. ಹಿಂದಿನ ವಾರ ಅವನು ಗೇಟಿಗೆ ಬಂದಾಗ 6ಕ್ಕೆ ಐದೇ ನಿಮಿಷ ಇತ್ತು. ಈ ಸಲ ಐದು ಗಂಟೆಗೇ ದಾಟಿದ್ದ.

ಓದಿ, ಮಾತಾಡಿ, ಲೆಕ್ಕ ಮಾಡಿ

ಎರಡು ಚೀಟಿಗಳ ನಡುವೆ ಎಷ್ಟು ರೂಪಾಯಿ ವ್ಯತ್ಯಾಸ ಇದೆ? ಸಂಘದ ಸಾಲಕ್ಕೆ ತಿಂಗಳಿಗೆ 100ಕ್ಕೆ 1 ರೂಪಾಯಿ ಬಡ್ಡಿ ಎಂದಾದರೆ, 28,000 ರೂಪಾಯಿಗೆ ಒಂದು ತಿಂಗಳ ಬಡ್ಡಿ ಎಷ್ಟು?

ನಿಮ್ಮ ಊರಿನ ಒಂದು ಟರ್ಬೊ ಬಂಡಿಯ ಬಾನೆಟ್ ತೆರೆಸಿ. ಏರ್ ಫಿಲ್ಟರ್, ಟರ್ಬೊ, ಹೋಸ್, ಇಂಟರ್‌ಕೂಲರ್ ಎಲ್ಲಿವೆ, ಬೆರಳಿಟ್ಟು ತೋರಿಸಿ. ನಾಲ್ಕೂ ಹೆಸರನ್ನು ಪುಸ್ತಕದಲ್ಲಿ ಬರೆಯಿರಿ.

ಮನೆಯಲ್ಲಿ ಹಳೆಯ ವರ್ಕ್‌ಶಾಪ್ ಚೀಟಿ ಇದ್ದರೆ ಮುಂದಿನ ತರಗತಿಗೆ ತನ್ನಿ. ಒಟ್ಟಿಗೆ ಓದೋಣ.